ಮೈಕ್ರೋಸ್ಕೋಪಿನಲ್ಲಿ ಏನೂ ಕಾಣ್ತಿಲ್ವಾ? ಮೊದಲು ಬೆಳಕು ಕಡಿಮೆ ಮಾಡಿ

ಗಂಗಾವತಿ ಹತ್ತಿರದ ಒಂದು ಶಾಲೆಯಲ್ಲಿ ಮಕ್ಕಳು ಸಾಲಾಗಿ ನಿಂತು ಒಬ್ಬೊಬ್ಬರೇ ಮೈಕ್ರೋಸ್ಕೋಪಿಗೆ ಕಣ್ಣಿಡುತ್ತಿದ್ದರು. ಎಲ್ಲರದೂ ಒಂದೇ ಮಾತು: "ಏನೂ ಕಾಣವಲ್ದ್ರೀ ಸರ್, ಬರೇ ಬೆಳ್ಳಗೈತಿ." ಮೈಕ್ರೋಸ್ಕೋಪ್ ಚೆನ್ನಾಗಿಯೇ ಇತ್ತು. ಆದರೆ ಶುರುವಿನಲ್ಲೇ 40 ಪಟ್ಟು ಹಿಗ್ಗಿಸುವ 40ರ ಲೆನ್ಸ್ ಹಾಕಿ, ಬೆಳಕನ್ನು ಪೂರ್ತಿ ಬಿಟ್ಟಿದ್ದರು. ನೋಡಲು ಇಟ್ಟಿದ್ದ ಉಳ್ಳಾಗಡ್ಡಿಯ ಪೊರೆ ಗಾಜಿನಷ್ಟು ತಿಳಿ. ಅಷ್ಟು ಬೆಳಕು ಹೊಡೆದರೆ ಅದರ ಗೆರೆಗಳು ಕಾಣೋದಾದರೂ ಹೇಗೆ? ಗಾಜಿನ ಪಟ್ಟಿ (ಸ್ಲೈಡ್) ಇಡುವ ಸ್ಟೇಜಿನ ಕೆಳಗಿರುವ ಡಯಾಫ್ರಂ, ಅಂದರೆ ಬೆಳಕು ಹೆಚ್ಚು ಕಡಿಮೆ ಮಾಡುವ ಕಿಂಡಿ, ಅರ್ಧ ಮುಚ್ಚಿ 4ರ ಲೆನ್ಸಿಗೆ ಬಂದಿದ್ದೇ ತಡ, ಇಟ್ಟಿಗೆ ಗೋಡೆಯ ಹಾಗೆ ಜೀವಕೋಶಗಳ ಸಾಲು ಎದ್ದು ಬಂತು.

ಒಳಗೆ ನಡೆಯೋದು ಇಷ್ಟು. ಕೆಳಗಿಂದ ಬಂದ ಬೆಳಕು ಸ್ಲೈಡನ್ನು ದಾಟಿ, ಅದರ ಹತ್ತಿರವೇ ಇರುವ ಆಬ್ಜೆಕ್ಟಿವ್ ಲೆನ್ಸಿಗೆ ಹೋಗುತ್ತದೆ. ಆ ಲೆನ್ಸ್ ಕೊಳವೆಯೊಳಗೇ ಒಂದು ದೊಡ್ಡ ಬಿಂಬ ಮೂಡಿಸುತ್ತದೆ. ನೀವು ಕಣ್ಣಿಡುವ ಐಪೀಸ್ ಆ ಬಿಂಬವನ್ನು ಭೂತಗನ್ನಡಿಯಂತೆ ಮತ್ತೆ ಹಿಗ್ಗಿಸುತ್ತದೆ. ಐಪೀಸ್ 10ರದ್ದು, ಆಬ್ಜೆಕ್ಟಿವ್ 40ರದ್ದು ಇದ್ದರೆ ಎರಡನ್ನೂ ಗುಣಿಸಿ: 400 ಪಟ್ಟು.

ಮೊದಲ ದಿನ ಉಳ್ಳಾಗಡ್ಡಿಯೂ ಬೇಡ. ಪತ್ರಿಕೆಯಿಂದ ಒಂದು ಸಣ್ಣ 'ಎ' ಅಕ್ಷರ ಕತ್ತರಿಸಿ, ಸ್ಲೈಡಿನ ಮೇಲೆ ಒಂದು ಹನಿ ನೀರಿನಲ್ಲಿಟ್ಟು, ಕವರ್ ಸ್ಲಿಪ್ ಎಂಬ ತೆಳು ಗಾಜಿನ ಚೂರು ಮುಚ್ಚಿ 4ರಲ್ಲಿ ನೋಡಿ. ಅಕ್ಷರ ತಲೆಕೆಳಗು, ಎಡ ಬಲವೂ ಅದಲು ಬದಲು. ಸ್ಲೈಡನ್ನು ಬಲಕ್ಕೆ ಸರಿಸಿದರೆ ಅದು ಎಡಕ್ಕೆ ಓಡುತ್ತದೆ. ಇದು ಕೈಗೆ ರೂಢಿಯಾಗಲಿ. 10ಕ್ಕೆ ತಿರುಗಿಸಿದರೆ ಕಾಗದದ ನಾರುಗಳು, ಅವುಗಳ ಮೇಲೆ ಹರಡಿದ ಶಾಯಿ ಕಾಣುತ್ತವೆ.

ಈಗ ಉಳ್ಳಾಗಡ್ಡಿ. ಹೆಚ್ಚಿದ ಗಡ್ಡೆಯಿಂದ ಒಂದು ದಪ್ಪ ಪದರ ತೆಗೆದು, ಒಳಮೈಯ ಪೊರೆಯನ್ನು ಚಿಮಟದಿಂದ ಎಳೆಯಿರಿ. ಅದು ಒಣಗುವ ಮುಂಚೆ ನೀರಿನ ಹನಿಯಲ್ಲಿ ಮಡಿಕೆ ಬೀಳದಂತೆ ಹರಡಿ, ಬಣ್ಣ ಹಿಡಿಯಲು ತೆಳುವಾದ ಅಯೋಡಿನ್ ಒಂದು ಹನಿ ಹಾಕಿ. ಕವರ್ ಸ್ಲಿಪ್ಪನ್ನು ಸುಮ್ನೆ ಮೇಲಿಂದ ಬೀಳಿಸಬೇಡಿ. ಒಂದು ಅಂಚು ಸ್ಲೈಡಿಗೆ ತಾಗಿಸಿ, ಓರೆಯಾಗಿ ಹಿಡಿದು, ಸೂಜಿಯ ಆಸರೆಯಲ್ಲಿ ನಿಧಾನ ಇಳಿಸಿ. ಇಲ್ಲದಿದ್ದರೆ ಗಾಳಿಗುಳ್ಳೆ ಸೇರುತ್ತದೆ. ದಪ್ಪ ಕಪ್ಪು ಅಂಚಿನ ದುಂಡನೆಯದು ಕಂಡರೆ ಅದೇ ಗುಳ್ಳೆ. ಎಷ್ಟೋ ಮಕ್ಕಳು ಜೀವಕೋಶ ಅಂತ ಅದರ ಚಿತ್ರವನ್ನೇ ಬಿಡಿಸುತ್ತಾರೆ, ಪಾಪ.

ಫೋಕಸ್ ಮಾಡುವಾಗ ಪಕ್ಕದಿಂದ ನೋಡುತ್ತಾ ಲೆನ್ಸನ್ನು ಸ್ಲೈಡಿನ ಹತ್ತಿರ ತನ್ನಿ. ಆಮೇಲೆ ಕಣ್ಣಿಟ್ಟು, ದೊಡ್ಡ ತಿರುಪಿನಿಂದ ದೂರ ಸರಿಸುತ್ತಾ ಹೋಗಿ. 4ರಲ್ಲಿ ಸ್ಪಷ್ಟವಾದ ಮೇಲೆ 10, ಆಮೇಲೆ 40. 40ಕ್ಕೆ ಬಂದರೆ ಸಣ್ಣ ತಿರುಪು ಬಿಟ್ಟು ಬೇರೆಯದನ್ನು ಮುಟ್ಟಲೇಬೇಡಿ. ಅಲ್ಲಿ ಲೆನ್ಸಿಗೂ ಗಾಜಿಗೂ ಒಂದು ಮಿಲಿಮೀಟರ್ ಜಾಗವೂ ಇರೋದಿಲ್ಲ. ಕಾಲೇಜಿನಲ್ಲಿದ್ದಾಗ ನಾನು ದೊಡ್ಡ ತಿರುಪು ತಿರುಗಿಸಿ ಸ್ಲೈಡ್ ಒಡೆದೆ. 'ಕರ್' ಅಂದ ಆ ಸದ್ದು ಇನ್ನೂ ಮರೆತಿಲ್ಲ.

ಬೆಳಕಿಗೆ ದೀಪದ ಬದಲು ಕನ್ನಡಿ ಇರುವ ಮೈಕ್ರೋಸ್ಕೋಪ್ ಆದರೆ ನಮ್ಮ ಕಡೆ ಒಂದು ಎಚ್ಚರ ಬೇಕೇ ಬೇಕು. ಕೊಪ್ಪಳ, ರಾಯಚೂರಿನ ಬಿಸಿಲು ಗೊತ್ತಲ್ವಾ? ಸೂರ್ಯನನ್ನು ಎಂದಿಗೂ ಕನ್ನಡಿಗೆ ಹಿಡಿಯಬೇಡಿ, ಕಣ್ಣಿಗೇ ಅಪಾಯ. ನೆರಳಿನ ಕಿಟಕಿಯ ಬೆಳಕು, ಇಲ್ಲಾ ಟೇಬಲ್ ದೀಪ ಸಾಕು.

ಕೈ ಪಳಗಿತಾ? ಭತ್ತದ ಗದ್ದೆಯಲ್ಲಿ ನಿಂತ ನೀರನ್ನು ತಳದ ಪಾಚಿ ಸಮೇತ ಒಂದು ಬಾಟಲಿಯಲ್ಲಿ ತನ್ನಿ. ತುಂಗಭದ್ರಾ ಕಾಲುವೆ ನೀರು ಹರಿಯುವ ಊರುಗಳಲ್ಲಿ ಇದಕ್ಕೇನೂ ಬರವಿಲ್ಲ. ಹಸಿರು ಎಳೆಗಳಲ್ಲಿ ಸ್ಪೈರೋಗೈರಾ ಎಂಬ ಪಾಚಿ ಇದ್ದರೆ ಒಳಗೆ ಹಸಿರು ಪಟ್ಟಿ ಸ್ಪ್ರಿಂಗಿನಂತೆ ಸುತ್ತಿರುತ್ತದೆ. ಅದೃಷ್ಟವಿದ್ದರೆ ಚಪ್ಪಲಿ ಆಕಾರದ ಒಂದೇ ಜೀವಕೋಶದ ಜೀವಿ ಪ್ಯಾರಮೀಸಿಯಂ ಕೂಡ ಸಿಗುತ್ತದೆ, ಆದರೆ ಕಣ್ಣಿಡುವಷ್ಟರಲ್ಲಿ ಓಡಿಹೋಗುತ್ತದೆ. ಅದಕ್ಕೆ ಹತ್ತಿಯ ನಾಲ್ಕೈದು ಎಳೆ ಬಿಡಿಸಿ ಹನಿಯಲ್ಲಿ ಹಾಕಿ, ಆಮೇಲೆ ಕವರ್ ಸ್ಲಿಪ್ ಮುಚ್ಚಿ. ಎಳೆಗಳ ನಡುವೆ ಸಿಕ್ಕಿಕೊಂಡು ನಿಧಾನವಾಗುತ್ತದೆ. ಆ ಹತ್ತಿ ಎಳೆಯನ್ನೂ ನೋಡಿ, ತಿರುಚಿದ ರಿಬ್ಬನ್ ಹಾಗೆ ಇರುತ್ತದೆ.

ಇನ್ನೂ ಜಾಸ್ತಿ ಬೇಕು ಅಂದರೆ 100ರ ಲೆನ್ಸ್ ಇದೆ, ಅದಕ್ಕೆ ಸ್ಲೈಡ್ ಮೇಲೆ ಇಮ್ಮರ್ಶನ್ ಎಣ್ಣೆ ಹಾಕಬೇಕು. ಅದರಾಚೆ ಹಿಗ್ಗಿಸಿ ಹೆಚ್ಚು ಲಾಭವಿಲ್ಲ. ಬೆಳಕಿನ ಅಲೆಗೇ ಒಂದು ಅಳತೆ ಇರೋದರಿಂದ, ಸುಮಾರು 0.2 ಮೈಕ್ರೋಮೀಟರಿಗಿಂತ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರೋಮೀಟರ್) ಹತ್ತಿರದ ಎರಡು ಚುಕ್ಕೆಗಳು ಒಂದೇ ಆಗಿ ಕಾಣುತ್ತವೆ.

ಮುಗಿದ ಮೇಲೆ 4ರ ಲೆನ್ಸಿಗೆ ತಿರುಗಿಸಿ, ಸ್ಲೈಡ್ ತೆಗೆದು, ಲೆನ್ಸನ್ನು ಲೆನ್ಸ್ ಪೇಪರಿನಿಂದ ಮಾತ್ರ ಒರೆಸಿ. ಅಂಗಿಯ ತುದಿ ಬೇಡ, ನಮ್ಮೂರ ಧೂಳು ಗಾಜಿಗೆ ಗೀರು ಬೀಳಿಸುತ್ತದೆ. ಒಂದು ಕೈ ತೋಳಿಗೆ, ಇನ್ನೊಂದು ಕೈ ಬುಡಕ್ಕೆ ಕೊಟ್ಟು ಎತ್ತಿ ಒಳಗಿಡಿ.