ಕಾಂಟೆಸ್ಟಲ್ಲಿ ರೇಟ್ ಏರಿಸ್ಬೇಕಾ? ಮೊದ್ಲು ಸೆಕೆಂಡ್ ಉಳ್ಸಿ

ಹ್ಯಾಮ್ ಕಾಂಟೆಸ್ಟಲ್ಲಿ, ಅಂದ್ರೆ ಹವ್ಯಾಸಿ ರೇಡಿಯೋದವ್ರು ಗೊತ್ತಾದ ಸಮಯದಲ್ಲಿ ಆದಷ್ಟು ಹೆಚ್ಚು ಸ್ಟೇಷನ್‌ಗಳನ್ನ ಸಂಪರ್ಕಿಸೋ ಸ್ಪರ್ಧೇಲಿ, ರೇಟ್ (ಗಂಟೆಗೆ ಎಷ್ಟು ಸಂಪರ್ಕ ಅನ್ನೋದು) ಏರ್ತಿಲ್ಲ ಅಂದ ತಕ್ಷಣ ಎಲ್ರ ಕಣ್ಣೂ ಆಂಟೆನಾ ಮೇಲೆ, ಇಲ್ಲಾಂದ್ರೆ ಲೀನಿಯರ್ (ಪವರ್ ಹೆಚ್ಚಿಸೋ ಆಂಪ್ಲಿಫೈಯರ್) ಮೇಲೆ ಹೋಗುತ್ತೆ. ಅವೂ ಬೇಕು, ಇಲ್ಲ ಅನ್ನಲ್ಲ. ಆದ್ರೆ ಈ ಲೆಕ್ಕ ನೋಡಿ: ಕರೆಯೋರು ಸಾಲಾಗಿ ಕಾಯ್ತಿರೋವಾಗ ಒಂದು ಕ್ಯೂಎಸ್‌ಓಗೆ (ಒಂದು ಸಂಪರ್ಕಕ್ಕೆ) 30 ಸೆಕೆಂಡ್ ಹಿಡಿದ್ರೆ ಗಂಟೆಗೆ 120, ಅದೇ 20 ಸೆಕೆಂಡಲ್ಲಿ ಮುಗಿಸಿದ್ರೆ 180, ರೇಡಿಯೋನೂ ಅದೇ ಆಂಟೆನಾನೂ ಅದೇ.

ಈ ಹತ್ತು ಸೆಕೆಂಡ್ ಹೋಗೋದೆಲ್ಲಾ ಬೇಡದ ಮಾತಲ್ಲಿ. "ಥ್ಯಾಂಕ್ಯೂ ಫಾರ್ ದ ಕಾಲ್, ಪ್ಲೀಸ್ ಕಾಪಿ ಮೈ ರಿಪೋರ್ಟ್, ಯು ಆರ್ ಫೈವ್ ನೈನ್..." ಇದೆಲ್ಲಾ ಯಾಕೆ? ಅವ್ರ ಕಾಲ್‌ಸೈನ್ (ಸ್ಟೇಷನ್ನಿನ ಗುರುತಿನ ಹೆಸರು) ಒಂದ್ಸಲ ಹೇಳಿ, "ಫೈವ್ ನೈನ್ ಒನ್ ಫೋರ್" ಅನ್ನಿ (ಫೈವ್ ನೈನ್ ಅಂದ್ರೆ ಸಿಗ್ನಲ್ ಚೆನ್ನಾಗಿದೆ ಅನ್ನೋ ರಿಪೋರ್ಟ್, ಒನ್ ಫೋರ್ ಜಾಗದಲ್ಲಿ ನಿಮ್ಮ ವಲಯದ ನಂಬರ್), ಬಾಯಿ ಮುಚ್ಚಿ ಕೇಳಿ. ಅವರ ರಿಪೋರ್ಟ್ ಬಂತಾ, "ಥ್ಯಾಂಕ್ಯೂ" ಅಂದು ನಿಮ್ಮ ಕಾಲ್‌ಸೈನ್ ಹೇಳಿ, ಅಷ್ಟೇ, ಮುಂದಿನವ್ರು ತಾವೇ ಕರೀತಾರೆ. ಬರೀ "ಕ್ಯೂಆರ್‌ಝಡ್" (ಯಾರು ಕರೀತಿದೀರಾ) ಅಂತ ಮಾತ್ರ ಬಿಡ್ಬೇಡಿ, ಈಗ ತಾನೇ ಟ್ಯೂನ್ ಮಾಡ್ಕೊಂಡು ಬಂದೋರಿಗೆ ನೀವ್ಯಾರು ಅಂತ ಗೊತ್ತಾಗಲ್ಲ, ಮುಂದೆ ಹೋಗ್ಬಿಡ್ತಾರೆ.

ಪೈಲಪ್ಪಲ್ಲಿ (ಹಲವರು ಒಟ್ಟಿಗೆ ಕರೆಯೋವಾಗ) ಎಲ್ಲಾ ಕಲಸಿ ಒಬ್ಬರ ಕಾಲ್‌ಸೈನಲ್ಲಿ ಬರೀ "ಕಿಲೋ ತ್ರೀ" ಅಷ್ಟೇ ಕೇಳಿಸ್ತಾ? "ಕಿಲೋ ತ್ರೀ, ಫೈವ್ ನೈನ್ ಒನ್ ಫೋರ್" ಅಂತ ರಿಪೋರ್ಟ್ ಸಮೇತ ಕೊಟ್ಟುಬಿಡಿ, ಅವ್ರು ಪೂರ್ತಿ ಕಾಲ್ ಜೊತೆ ರಿಪೋರ್ಟೂ ವಾಪಸ್ ಕೊಡ್ತಾರೆ, ಒಂದು ಸುತ್ತು ಉಳೀತು. ಆಮೇಲೆ ಎಷ್ಟೇ ಜೋರಾಗಿ ಬೇರೆಯವ್ರು ಕೂಗಿದ್ರೂ ಆ ಕಿಲೋ ತ್ರೀನ ಮುಗಿಸದೆ ಬಿಡ್ಬೇಡಿ, ಕೂಗಿದವ್ರಿಗೆ ಒಂದ್ಸಲ ಮಣೆ ಹಾಕಿದ್ರೆ ಪೈಲಪ್ ಕೈ ತಪ್ಪುತ್ತೆ.

ಸಿಕ್ಯೂ (ಯಾರಾದ್ರೂ ಬನ್ನಿ ಅನ್ನೋ ಕರೆ) ಚಿಕ್ಕದಾಗಿರ್ಲಿ, ನಡುವೆ ಎರಡು ಮೂರು ಸೆಕೆಂಡ್ ಕೇಳಿ, ಮತ್ತೆ ಕೂಗಿ. ವಾಯ್ಸ್ ಕೀಯರ್ (ರೆಕಾರ್ಡ್ ಮಾಡಿಟ್ಟ ಕರೆಯನ್ನ ತಾನೇ ಹೇಳೋ ಸಾಧನ) ಇದ್ರೆ ಗಂಟಲೂ ಉಳಿಯುತ್ತೆ. ಸಿಡಬ್ಲ್ಯೂನಲ್ಲಿ (ಮೋರ್ಸ್ ಕೋಡಲ್ಲಿ) ಇನ್ನೊಂದು ಉಪಾಯ ಇದೆ, ಸಿಕ್ಯೂಗೆ ಯಾರೂ ಬರ್ತಿಲ್ಲ ಅಂದ್ರೆ ಬೇರೆ ಖಾಲಿ ಫ್ರೀಕ್ವೆನ್ಸಿಗೆ ಹೋಗಿ ಕೂಗಿ, ಸ್ಕಿಮ್ಮರ್‌ಗಳು (ಸಿಗ್ನಲ್ ತಾವೇ ಓದಿ ಯಾರು ಎಲ್ಲಿದ್ದಾರೆ ಅಂತ ನೆಟ್‌ಗೆ ಹಾಕೋ ರಿಸೀವರ್‌ಗಳು) ಹೊಸದಾಗಿ ಸ್ಪಾಟ್ ಮಾಡುತ್ವೆ, ಪ್ಯಾಕೆಟ್ (ಆ ಸ್ಪಾಟ್‌ಗಳ ಪಟ್ಟಿ) ನೋಡ್ತಿರೋರು ಒಟ್ಟಿಗೆ ಬರ್ತಾರೆ. ಎಸ್‌ಎಸ್‌ಬಿಲಿ (ಬಾಯಲ್ಲಿ ಮಾತಾಡೋ ಮೋಡಲ್ಲಿ) ಬ್ಯಾಂಡ್ ಕೆಳಗಡೆ ದೊಡ್ಡ ಸ್ಟೇಷನ್‌ಗಳ ನಡುವೆ ಇರುಕಿಸ್ಕೊಂಡು ಒದ್ದಾಡೋದಕ್ಕಿಂತ ಸ್ವಲ್ಪ ಮೇಲೆ ಖಾಲಿ ಜಾಗ ಹುಡುಕಿ, "ಫ್ರೀಕ್ವೆನ್ಸಿ ಯಾರಾದ್ರೂ ಬಳಸ್ತಿದೀರಾ" ಅಂತ ಕೇಳಿ ಕೂತ್ಕೊಳ್ಳಿ. ಚಿಕ್ಕ ಸ್ಟೇಷನ್ನೋರಿಗೂ ಅಲ್ಲಿ ರನ್ (ಒಂದೇ ಜಾಗದಲ್ಲಿ ಕೂತು ಒಬ್ಬರಾದ್ಮೇಲೆ ಒಬ್ಬರನ್ನ ವರ್ಕ್ ಮಾಡೋದು) ಸಿಗುತ್ತೆ.

ರನ್ ಆಗ್ತಾನೇ ಇಲ್ಲ ಅಂದ್ರೆ ಸರ್ಚ್ ಅಂಡ್ ಪೌನ್ಸ್, ಅಂದ್ರೆ ಸಿಕ್ಯೂ ಕೂಗ್ತಿರೋರನ್ನ ಹುಡುಕಿ ನಾವೇ ಕರೆಯೋದು. ಬ್ಯಾಂಡಿನ ಒಂದು ತುದಿಯಿಂದ ಶುರು ಮಾಡಿ, ಎರಡು ಮೂರು ಸಲ ಕರೆದ್ರೂ ಸಿಗದವ್ರನ್ನ ಬ್ಯಾಂಡ್‌ಮ್ಯಾಪಲ್ಲಿ (ಯಾವ ಫ್ರೀಕ್ವೆನ್ಸಿಲಿ ಯಾರು ಅಂತ ತೋರ್ಸೋ ಪಟ್ಟೀಲಿ) ಹಾಕಿ ಮುಂದೆ ಹೋಗಿ, ಪೈಲಪ್ ಕರಗಿದ್ಮೇಲೆ ವಾಪಸ್ ಬನ್ನಿ. ಒಬ್ಬ ಅಪರೂಪದ ಸ್ಟೇಷನ್ ಹಿಂದೆ ಹತ್ತು ನಿಮಿಷ ನಿಲ್ಲೋದು ಎಷ್ಟು ಪಾಯಿಂಟ್ ತಿನ್ನುತ್ತೆ ಅಂತ ಹೆಚ್ಚಿನವ್ರು ಲೆಕ್ಕನೇ ಹಾಕಲ್ಲ.

ಎನ್‌1ಎಂಎಂ ಥರದ ಲಾಗರ್‌ನಲ್ಲಿ (ಸಂಪರ್ಕ ದಾಖಲಿಸೋ ಸಾಫ್ಟ್‌ವೇರಲ್ಲಿ) ಎಂಟರ್ ಒತ್ತಿದ್ರೆ ಮುಂದಿನ ಮೆಸೇಜ್ ತಾನೇ ಹೋಗೋ ಸೆಟ್ಟಿಂಗ್ ಇದೆ, ಅದನ್ನ ಕಾಂಟೆಸ್ಟಿಗೆ ಮುಂಚೆನೇ ಕೈಗೆ ರೂಢಿ ಮಾಡ್ಕೊಳ್ಳಿ. ಡ್ಯೂಪ್ (ಆಗ್ಲೇ ವರ್ಕ್ ಮಾಡಿದವ್ರು ಮತ್ತೆ) ಬಂದ್ರೆ ವಾದ ಬೇಡ, ಮತ್ತೆ ವರ್ಕ್ ಮಾಡಿ, ಅದೇ ಬೇಗ ಮುಗಿಯುತ್ತೆ. ಕಾಲ್‌ಸೈನ್ ಡೌಟ್ ಬಂದ್ರೆ ಮಾತ್ರ ಸೆಕೆಂಡಿನ ಆಸೆ ಬಿಡಿ, ಸೂಪರ್ ಚೆಕ್ ಪಾರ್ಷಿಯಲ್ (ಅರ್ಧ ಕಾಲ್‌ಗೆ ಹೊಂದೋ ಗೊತ್ತಿರೋ ಕಾಲ್‌ಗಳ ಪಟ್ಟಿ) ತೋರ್ಸಿದ್ದನ್ನ ಕಣ್ಮುಚ್ಚಿ ಹಾಕ್ದೆ ಇನ್ನೊಮ್ಮೆ ಕೇಳಿ, ಸಿಕ್ಯೂ ವರ್ಲ್ಡ್‌ವೈಡ್‌ನಂಥ ಕಾಂಟೆಸ್ಟಲ್ಲಿ ತಪ್ಪು ಕಾಲ್ ಲಾಗ್ ಮಾಡಿದ್ರೆ ಆ ಕ್ಯೂಎಸ್‌ಓ ಹೋಗೋದಲ್ದೆ ಮೇಲೆ ಪೆನಾಲ್ಟಿನೂ ಬೀಳುತ್ತೆ.