ಸ್ಟೆಮ್ ಸುತ್ತ ಮೂಳೆ ತೆಳುವಾಗಿ ಕಂಡಾಗ ನಾನು ಎಕ್ಸ್‌ರೇ ನೋಡುವ ಬಗೆ

ಸಿಮೆಂಟ್ ಹಾಕದೆ ಕೂರಿಸಿದ ಕೃತಕ ಸೊಂಟದ ಕೀಲಿನಲ್ಲಿ ತೊಡೆಮೂಳೆಯೊಳಗೆ ಇಳಿಸುವ ಲೋಹದ ಕಡ್ಡಿಯೇ ಸ್ಟೆಮ್. ಅಂಥ ಕೀಲಿನ ಎರಡನೇ ವರ್ಷದ ಎಕ್ಸ್‌ರೇಯಲ್ಲಿ ತೊಡೆಮೂಳೆಯ ಮೇಲ್ಭಾಗದ ಒಳಮೂಲೆ, ನಾವು ಕ್ಯಾಲ್ಕಾರ್ ಅನ್ನುವ ಜಾಗ, ಎಷ್ಟೋ ಸಲ ಮಸುಕಾಗಿ ದುಂಡಗಾಗಿರುತ್ತದೆ. ಅದನ್ನು ಕಂಡೊಡನೆ ‘ಸ್ಟೆಮ್ ಸಡಿಲ’ ಎಂದು ಬರೆದುಬಿಡುವುದು ತಪ್ಪು. ಸ್ಟೆಮ್ ಗಟ್ಟಿಯಾಗಿ ಕೂತಾಗಲೇ ಆ ಮೂಲೆ ಹೀಗೆ ಕರಗುವುದು ಹೆಚ್ಚು.

ಹೊರೆ ಬಿದ್ದ ಕಡೆ ಮೂಳೆ ಬಲಿಯುತ್ತದೆ, ಹೊರೆ ತಪ್ಪಿದ ಕಡೆ ಕರಗುತ್ತದೆ. ಜೂಲಿಯಸ್ ವುಲ್ಫ್ 1892ರಲ್ಲೇ ಹೇಳಿದ ಮಾತು. ಗಟ್ಟಿ ಮೂಳೆಯ ಬಿಗಿತ 15ರಿಂದ 20 ಗಿಗಾಪಾಸ್ಕಲ್. ಟೈಟಾನಿಯಂ ಮಿಶ್ರಲೋಹದ್ದು ಸುಮಾರು 110, ಕೋಬಾಲ್ಟ್-ಕ್ರೋಮ್‌ನದು 200ಕ್ಕೂ ಮೇಲೆ. ಹಾಗಾಗಿ ಭಾರ ಲೋಹದೊಳಗೇ ಇಳಿದು, ಕೆಳಗಡೆ ಮೂಳೆಗೆ ದಾಟುತ್ತದೆ; ಮೇಲಿನ ಮೂಳೆಗೆ ಹೊರೆ ತಪ್ಪುತ್ತದೆ. ದಪ್ಪ ಇನ್ನೂ ಹೆಚ್ಚು ಕಾಡುತ್ತದೆ: ದುಂಡು ಸ್ಟೆಮ್ 12 ಮಿ.ಮೀ. ಬದಲು 15 ಆದರೆ ಬಾಗದಿರುವ ಬಲ ಸುಮಾರು ಎರಡೂವರೆ ಪಟ್ಟಾಗುತ್ತದೆ.

ಎಕ್ಸ್‌ರೇಯಲ್ಲಿ ಸ್ಟೆಮ್ಮಿನ ಸುತ್ತಲ ಮೂಳೆಗೆ ಗ್ರೂಯನ್ 1979ರಲ್ಲಿ ಗುರುತಿಸಿದ ಏಳು ವಲಯಗಳಲ್ಲಿ ಹೊರಮೇಲಿನದು 1, ತುದಿ 4, ಕ್ಯಾಲ್ಕಾರ್ 7. ನಾನು 7ರಿಂದ ಶುರು ಮಾಡುವುದಿಲ್ಲ. ಸ್ಟೆಮ್ಮಿನ ಒರಟು ಲೇಪನ ಮುಗಿಯುವ ಗೆರೆಯನ್ನು ಮೊದಲು ಹುಡುಕುತ್ತೇನೆ. ಅಲ್ಲಿ ಮೂಳೆಯ ಒಳಗೋಡೆಯಿಂದ ಲೋಹದವರೆಗೆ ಸಣ್ಣ ಬಿಳಿ ಸೇತುವೆ ಬಂದಿದ್ದರೆ, ಲೇಪನಕ್ಕಂಟಿ ಕಪ್ಪು ಗೆರೆ ಇಲ್ಲದಿದ್ದರೆ, ಮೂಳೆ ಬೆಸೆದಿದೆ. ನುಣುಪಾದ ತುದಿಯ ಸುತ್ತ ಮಾತ್ರ ತೆಳು ಗೆರೆ ಕಂಡರೆ ಗಾಬರಿ ಬೇಡ. ಲೇಪನದ ಉದ್ದಕ್ಕೂ ಗೆರೆ ಇದ್ದರೆ ಕಥೆ ಬೇರೆ. ಮೊದಲ ವಾರಗಳಲ್ಲಿ ಅಲುಗಾಟ 40 ಮೈಕ್ರಾನ್ ಒಳಗಿದ್ದರೆ ಮೂಳೆ ಬೆಳೆದು ಹಿಡಿಯುತ್ತದೆ, 150 ದಾಟಿದರೆ ಮೂಳೆಯ ಬದಲು ಬರೀ ನಾರಿನಂಥ ಅಂಗಾಂಶ ಬೆಳೆಯುತ್ತದೆ.

ಆಮೇಲೆ ಸ್ಟೆಮ್ ಕುಸಿದಿದೆಯೇ ಎಂದು ಅಳೆಯುತ್ತೇನೆ: ಗ್ರೇಟರ್ ಟ್ರೊಕ್ಯಾಂಟರ್‌ನ (ತೊಡೆಮೂಳೆಯ ಮೇಲ್ಭಾಗದ ಹೊರಗಿನ ಉಬ್ಬು) ತುದಿಯಿಂದ ಸ್ಟೆಮ್ಮಿನ ಭುಜದವರೆಗೆ (ಮೇಲಿನ ಹೊರಮೂಲೆ). ಫಿಲ್ಮಿನಲ್ಲಿ ಎಲ್ಲವೂ ನಿಜಕ್ಕಿಂತ ದೊಡ್ಡದಾಗಿ ಕಾಣುತ್ತದೆ. 36 ಮಿ.ಮೀ. ಹೆಡ್ (ಕೀಲಿನ ಚೆಂಡು) ಫಿಲ್ಮಿನಲ್ಲಿ 42 ಬಂದರೆ, ಅದೇ ಫಿಲ್ಮಿನ 7 ಮಿ.ಮೀ. ಎಂದರೆ ನಿಜದಲ್ಲಿ 6. ಈ ಲೆಕ್ಕ ಬಿಟ್ಟು ಎರಡು ಫಿಲ್ಮ್ ಹೋಲಿಸಿದರೆ ಇಲ್ಲದ ಕುಸಿತ ಕಾಣುತ್ತದೆ. ಆರಂಭದಲ್ಲಿ ಒಂದೆರಡು ಮಿ.ಮೀ. ಇಳಿದು ನಿಂತರೆ ಸರಿ. ವರ್ಷದ ನಂತರವೂ ಇಳಿಯುತ್ತಿದ್ದರೆ ಅದು ಹಿಡಿದೇ ಇಲ್ಲ.

ನಿಜಕ್ಕೂ ಹೆದರಬೇಕಾದದ್ದು ಆಸ್ಟಿಯೋಲೈಸಿಸ್, ಅಂದರೆ ಕೀಲು ಸವೆದ ಪುಡಿಯಿಂದ ಮೂಳೆ ಕರಗುವುದು. ಹೊರೆ ತಪ್ಪಿದ ಮೂಳೆ ಒಂದೇ ಸಮ ತೆಳುವಾಗುತ್ತದೆ, ಮೊದಲೆರಡು ವರ್ಷದಲ್ಲಿ ಬಹುಪಾಲು ಮುಗಿಯುತ್ತದೆ. ಆದರೆ ಕೀಲಿನ ಬಟ್ಟಲಿನ ಒಳಪದರದ ಪ್ಲಾಸ್ಟಿಕ್ಕಾದ ಪಾಲಿಎಥಿಲೀನ್ ಪುಡಿಗೆ ಕೆರಳಿದ ಜೀವಕೋಶಗಳು ತಿಂದ ಮೂಳೆಯಲ್ಲಿ ಕಚ್ಚಿ ತೆಗೆದಂಥ ಗುಂಡನೆಯ ಹಳ್ಳ ಬೀಳುತ್ತದೆ. ಅದು ಸಾಮಾನ್ಯವಾಗಿ ವರ್ಷಗಳು ಕಳೆದ ಮೇಲೆ ಕಾಣಿಸಿಕೊಂಡು ದೊಡ್ಡದಾಗುತ್ತ ಹೋಗುತ್ತದೆ. ಜೊತೆಗೆ ಹೆಡ್ ಬಟ್ಟಲಿನ ಮಧ್ಯದಿಂದ ಮೇಲಕ್ಕೆ ಸರಿದಿದ್ದರೆ ನೋವಿಲ್ಲದಿದ್ದರೂ ನಾನು ಸುಮ್ಮನೆ ಕಳಿಸುವುದಿಲ್ಲ.

ಡೆಕ್ಸಾ (ಮೂಳೆಯ ಸಾಂದ್ರತೆ ಅಳೆಯುವ ಸ್ಕ್ಯಾನ್) ಮಾಡಿಸುವುದಾದರೆ ಮೊದಲನೆಯದು ಶಸ್ತ್ರಚಿಕಿತ್ಸೆಯ ನಂತರದ ಮೊದಲ ಎರಡು ವಾರದಲ್ಲೇ ಆಗಬೇಕು. ಸ್ಟೆಮ್ಮಿಗೆ ಜಾಗ ಮಾಡಲು ರ‍್ಯಾಸ್ಪ್ ಎಂಬ ಅರದಿಂದ ಉಜ್ಜಿದಾಗಲೇ ಸ್ವಲ್ಪ ಮೂಳೆ ಹೋಗಿರುವುದರಿಂದ ಶಸ್ತ್ರಚಿಕಿತ್ಸೆಗೆ ಮುಂಚಿನ ಅಂಕಿ ಹೋಲಿಕೆಗೆ ಬಾರದು. ಪ್ರತಿ ಸಲವೂ ಪಾದವನ್ನು ಅದೇ ಕೋನಕ್ಕೆ ಕಟ್ಟಬೇಕು. ಕಾಲು ಹೊರಳಿದರೆ ಮೂಳೆ ಬದಲಾಗದೆಯೇ 7ನೇ ವಲಯದ ಅಂಕಿ ಬದಲಾಗುತ್ತದೆ.