ಧೂಳು ಬಿತ್ತಿ 38 ಮರಜರಿ ಎಬ್ಬಿಸಿದೆ

‘ಧೂಳು ಬಿತ್ತಿದ್ರೆ ಗಿಡ ಬರ್ತದಾ ಮಾರಾಯ?’ ಅಂತ ಭಾವ ನಕ್ಕಿದ್ದರು. ಧೂಳು ಅಂದರೆ ಜರಿಗಿಡದ ಬೀಜಕ, ಬೀಜದ ಬದಲು ಅದರಿಂದಲೇ ಗಿಡ ಹುಟ್ಟುವುದು. ಈಗ ಹಿತ್ತಲಲ್ಲಿ 38 ಮರಜರಿ (ಮರದಂತೆ ಕಾಂಡ ಬಿಡುವ ಜರಿಗಿಡ, ಟ್ರೀ ಫರ್ನ್) ಸಸಿಗಳಿವೆ. ಮೊನ್ನೆ ಅವರೇ ಎರಡು ಕೇಳಿದರು.

ತಾಯಿಗಿಡ ನಮ್ಮ ಅಡಿಕೆ ತೋಟದ ಕೆಳಗೆ, ಹಳ್ಳದ ದಂಡೆಯಲ್ಲಿದೆ. ಶಾಸ್ತ್ರೀಯ ಹೆಸರು ಅಲ್ಸೋಫಿಲಾ ಜೈಗ್ಯಾಂಟಿಯಾ, ಹಳಬರಿಗೆ ಸಯಾಥಿಯಾ. ಮಿರಮಿರ ಕಪ್ಪು ತೊಟ್ಟು, ಆಳೆತ್ತರದ ಕಾಂಡ. ಇದಕ್ಕೆ ತೇವ ಬೇಕು, ಬುಡದಲ್ಲಿ ನೀರು ನಿಲ್ಲಬಾರದು. ಇಳಿಜಾರು ದಂಡೆ ಹಿಡಿದಿರುವುದು ಅದಕ್ಕೇ.

ಮೊದಲು 1,500 ರೂಪಾಯಿ ಕೊಟ್ಟು ಸೊಂಟದೆತ್ತರದ ಗಿಡ ತಂದಿದ್ದೆ. ಬುಡಕ್ಕೆ ಮಾತ್ರ ನೀರು ಹಾಕಿದೆ, ಬೇಸಿಗೆಯಲ್ಲಿ ಸುಳಿ ಒಣಗಿತು. ಇರುವುದು ಒಂದೇ ಸುಳಿ, ಅದು ಹೋದರೆ ಮುಗೀತು. ಕಾಂಡದ ಮೇಲಿನ ಕಪ್ಪು ನಾರೆಲ್ಲ ಬೇರುಗಳೇ ಅಲ್ವಾ? ಕಾಂಡಕ್ಕೂ ನೀರು ಕುಡಿಸಬೇಕು ಅಂತ ಹೊಳೆದಾಗ ದುಡ್ಡು ಹೋಗಿಯಾಗಿತ್ತು.

ಆಮೇಲೆ ಧೂಳಿಗೆ ಇಳಿದೆ. ಎಲೆಯಡಿಯ, ಬೀಜಕ ತುಂಬಿದ ಚುಕ್ಕೆಗೆ ಮುಚ್ಚಳ ಇಲ್ಲ, ಹಣ್ಣಾಗಿದ್ದು ಲೆನ್ಸಿನಲ್ಲಿ ನೇರವಾಗಿ ಕಾಣುತ್ತದೆ. ಗರಿಯ ಒಂದು ತುಂಡನ್ನು ಪೇಪರಿನಲ್ಲಿ ಮಡಿಸಿಟ್ಟರೆ ಒಂದೆರಡು ದಿನಕ್ಕೆ ಧೂಳು ಉದುರುತ್ತದೆ. ಪೇಪರ್ ಓರೆ ಮಾಡಿ ತಟ್ಟಿದರೆ ಹೊಟ್ಟು ಜಾರುತ್ತದೆ, ಬೀಜಕ ಅಂಟಿ ಉಳಿಯುತ್ತದೆ. ಕಾಡಿಂದ ಗಿಡ ಕೀಳುವ ಮಾತೇ ಬೇಡ, ಒಂದು ಗರಿ ಸಾಕು.

ಮೊದಲ ಡಬ್ಬಿ ತೋಟದ ಮಣ್ಣಿನದು. ತಿಂಗಳೊಳಗೆ ಬರೀ ಪಾಚಿ. ಎರಡನೆಯದಕ್ಕೆ ಬೂಷ್ಟು ಹಿಡಿಯಿತು, ನೀರು ಜಾಸ್ತಿಯಾಗಿತ್ತು. ಮೂರನೇ ಸಲ ಕೋಕೋಪೀಟನ್ನು ಕುಕ್ಕರಿನಲ್ಲಿ ಅರ್ಧ ಗಂಟೆ ಬೇಯಿಸಿದೆ. ಅಡುಗೆಮನೆಯಿಂದ ಬಂದ ಬೈಗುಳ ಲೆಕ್ಕಕ್ಕಿಲ್ಲ. ಕಾಯಿಸಿ ಆರಿಸಿದ ನೀರು, ಮುಚ್ಚಳದ ಡಬ್ಬಿ, ನೇರ ಬಿಸಿಲು ಬೀಳದ ಕಿಟಕಿ. ಖರ್ಚು ಹೆಚ್ಚೆಂದರೆ 400.

ಸುಮಾರು ಮೂರು ವಾರಕ್ಕೆ ಹಸಿರು ಲೇಪ. ಮೂರ್ನಾಲ್ಕು ತಿಂಗಳಿಗೆ ಹೃದಯದಾಕಾರದ ಚಿಕ್ಕ ಬಿಲ್ಲೆಗಳು. ಇಲ್ಲಿ ನಾನು ಮತ್ತೆ ಎಡವಿದೆ. ಬೂಷ್ಟಿನ ಹೆದರಿಕೆಗೆ ಒಣಗಿಸಿಯೇ ಇಟ್ಟೆ, ಬಿಲ್ಲೆ ಬಿಲ್ಲೆಯಾಗಿಯೇ ಉಳಿಯಿತು. ಬಿಲ್ಲೆಯಲ್ಲಿ ಹುಟ್ಟುವ ಗಂಡು ಕಣ ಹೆಣ್ಣು ಕಣದ ಹತ್ತಿರ ಈಜಿ ಹೋಗಲು ಮೇಲೆ ನೀರಿನ ಪೊರೆ ಇರಲೇಬೇಕು. ಸ್ಪ್ರೇ ಶುರು ಮಾಡಿ ಎರಡು ತಿಂಗಳಾದ ಮೇಲೆ ಮೊದಲ ಪುಟ್ಟ ಎಲೆ ಎದ್ದಿತು.

ನಡುವೆ ಸುಮ್ನೆ ಐದಾರು ಸಸಿಗಳನ್ನು ಹಳೇ ಅಡಿಕೆ ಸಿಪ್ಪೆಯಲ್ಲಿ ನೆಟ್ಟೆ. ಕೋಕೋಪೀಟಿನವಕ್ಕಿಂತ ಅವೇ ಮುಂದಿವೆ. ಎರಡು ವರ್ಷಕ್ಕೆ ಮೊಣಕೈ ಉದ್ದದ ಗರಿ, ಕಾಂಡ ಇನ್ನೂ ಇಲ್ಲ.

ಭಾವನಿಗೆ ಇನ್ನೂ ಕೊಟ್ಟಿಲ್ಲ. ಅವರ ಅಂಗಳದಲ್ಲಿ ಮಧ್ಯಾಹ್ನದ ಬಿಸಿಲು ಜಾಸ್ತಿ. ಮೊದಲು ನೆರಳಿಗೆ ಬಾಳೆ ನೆಡಿ ಅಂದಿದ್ದೇನೆ.